ಗೈಗರ್ ಕೌಂಟರ್ ಸುಮ್ಮನಿದೆ ಅಂತ ಎಕ್ಸ್‌ರೇ ಟ್ಯೂಬಿನ ಹತ್ತಿರ ಕೂರಬೇಡಿ

ಹುಬ್ಬಳ್ಳಿ ಗೋಕುಲ ರಸ್ತೆ ಕಡೆಯ ಒಂದು ಶೆಡ್ಡಿನಲ್ಲಿ ಹವ್ಯಾಸಕ್ಕೆಂದು ನಡೆದ ಎಕ್ಸ್‌ರೇ ಪ್ರಯೋಗ ಎಲ್ಲಿ ಕೆಟ್ಟಿತು, ಯಾಕೆ ಕೆಟ್ಟಿತು ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇವೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಇಂಜಿನಿಯರಿಂಗ್ ಹುಡುಗರು ಇದೇ ದಾರಿ ಹಿಡಿಯುವುದು ಹೆಚ್ಚುತ್ತಿದೆ. ಗುಜರಿಯಲ್ಲಿ ಎಕ್ಸ್‌ರೇ ಹೊಮ್ಮಿಸುವ ಹಳೆಯ ಟ್ಯೂಬ್ ಸಿಗುತ್ತದೆ, ಆನ್‌ಲೈನ್‌ನಲ್ಲಿ ವಿಕಿರಣ ಎಣಿಸುವ ಗೈಗರ್ ಕೌಂಟರಿನ ಕಿಟ್ ಸಿಗುತ್ತದೆ, ವಿಡಿಯೋ ನೋಡಿದರೆ ಎಲ್ಲ ಸುಲಭವೆನಿಸುತ್ತದೆ.

ಟ್ಯೂಬಿಗೆ ಹೈವೋಲ್ಟೇಜ್ ಕೊಡಲು ಶೆಡ್ಡಿನಲ್ಲಿದ್ದದ್ದು 12 ಹಂತದ ಮಾರ್ಕ್ಸ್ ಜನರೇಟರ್. ಜರ್ಮನಿಯ ಎರ್ವಿನ್ ಮಾರ್ಕ್ಸ್ 1924ರಲ್ಲಿ ವಿವರಿಸಿದ ಸರ್ಕ್ಯೂಟ್ ಇದು: ಚಾರ್ಜು ಹಿಡಿದಿಡುವ ಕೆಪಾಸಿಟರ್‌ಗಳು ಸಮಾಂತರವಾಗಿ ಚಾರ್ಜ್ ಆಗುತ್ತವೆ, ನಡುವಿನ ಸಂದುಗಳಲ್ಲಿ (ಸ್ಪಾರ್ಕ್ ಗ್ಯಾಪ್) ಕಿಡಿ ಹಾರಿದ ಕೂಡಲೇ ಸರಣಿಯಲ್ಲಿ ಸೇರಿ ವೋಲ್ಟೇಜ್ ಕೂಡಿಕೊಳ್ಳುತ್ತದೆ. ಹಂತಕ್ಕೆ 10 ಕಿಲೋವೋಲ್ಟ್ ಅಂದರೆ ಕಾಗದದ ಮೇಲೆ 120, ನಷ್ಟ ಕಳೆದರೂ 90-100 ಕಿಲೋವೋಲ್ಟ್. ಸೆಕೆಂಡಿಗೊಂದು ಪಲ್ಸ್. ಟ್ಯೂಬಿನ ಮುಂದೆ ಅರ್ಧ ಮಿಲಿಮೀಟರ್ ಸೀಸದ ಹಾಳೆ, ಮೇಜಿನ ಮೇಲೆ ಗೈಗರ್ ಕೌಂಟರ್. ಕೌಂಟರ್ ತೋರಿಸಿದ್ದು ಗಂಟೆಗೆ ಸುಮಾರು ಅರ್ಧ ಮೈಕ್ರೋಸೀವರ್ಟ್ (ಸೀವರ್ಟ್ ಅಂದರೆ ಮೈಗೆ ಬಿದ್ದ ವಿಕಿರಣದ ಅಳತೆ, ಸಾವಿರ ಮೈಕ್ರೋ ಸೇರಿದರೆ ಒಂದು ಮಿಲಿ). 'ಸೇಫ್ ಐತಿ ಬಿಡಪಾ' ಅಂತ ಒಂದು ಸಂಜೆಯಿಡೀ ಪ್ರಯೋಗ ನಡೆಯಿತು.

ಒಬ್ಬರು ಹಲ್ಲಿನ ದವಾಖಾನೆಯಲ್ಲಿ ಬಳಸುವ ಸಣ್ಣ ಎಕ್ಸ್‌ರೇ ಫಿಲ್ಮ್ ಪ್ಯಾಕೆಟ್ಟಿಗೆ ಒಂದು ರೂಪಾಯಿ ನಾಣ್ಯವನ್ನು ಸೆಲ್ಲೋಟೇಪಿನಿಂದ ಅಂಟಿಸಿ, ನಡೆಸುವವರು ಕೂರುತ್ತಿದ್ದ ಕುರ್ಚಿಯ ಬೆನ್ನಿಗೆ ಸಿಕ್ಕಿಸಿದ್ದರು. ತೊಳೆದಾಗ ಫಿಲ್ಮಿನ ತುಂಬ ಕಪ್ಪು, ನಡುವೆ ಬಿಳಿಯಾಗಿ ನಾಣ್ಯದ ದುಂಡು ನೆರಳು, ಅಂಚು ಕೂಡ ಸ್ಪಷ್ಟ. ಅಂಥ ನೆರಳು ಮೂಡಬೇಕಾದರೆ ಮಿಲಿಗ್ರೇಯ ಒಂದಷ್ಟು ಪಾಲಾದರೂ ಬಿದ್ದಿರಲೇಬೇಕು (ಎಕ್ಸ್‌ರೇ ಮಟ್ಟಿಗೆ ಒಂದು ಗ್ರೇ ಹೆಚ್ಚುಕಡಿಮೆ ಒಂದು ಸೀವರ್ಟ್). ಕೌಂಟರಿನ ಲೆಕ್ಕ ನಿಜವಾಗಿದ್ದರೆ ಅಷ್ಟು ಬೀಳಲು ನೂರಾರು ಗಂಟೆ ಹಿಡಿಯಬೇಕಿತ್ತು. ಸಾರ್ವಜನಿಕರಿಗೆ ಇಡೀ ವರ್ಷದ ಮಿತಿಯೇ 1 ಮಿಲಿಸೀವರ್ಟ್.

ಕೌಂಟರ್ ಕೆಟ್ಟಿರಲಿಲ್ಲ. ಅದು ಇಂಥ ಕೆಲಸಕ್ಕೆ ಮಾಡಿದ್ದಲ್ಲ, ಅಷ್ಟೇ. ಗೈಗರ್ ಟ್ಯೂಬ್ ಒಂದು ಸಲ ಎಣಿಸಿದ ಮೇಲೆ ಸುಮಾರು 100 ಮೈಕ್ರೋಸೆಕೆಂಡ್ ಕುರುಡಾಗಿರುತ್ತದೆ. ಮಾರ್ಕ್ಸ್ ಪಲ್ಸ್ ಮುಗಿಯುವುದು ಹತ್ತಾರು ನ್ಯಾನೋಸೆಕೆಂಡಿನಲ್ಲಿ. ಆ ಒಂದು ಪಲ್ಸಿನಲ್ಲಿ ಎಕ್ಸ್‌ರೇಯ ಕಣಗಳು (ಫೋಟಾನ್) ಹತ್ತು ಬರಲಿ, ಹತ್ತು ಲಕ್ಷ ಬರಲಿ, ಕೌಂಟರ್ ಹೇಳುವುದು ಒಂದೇ: 'ಟಿಕ್'. ಸೆಕೆಂಡಿಗೊಂದು ಪಲ್ಸಿದ್ದರೆ ನಿಮಿಷಕ್ಕೆ ಹೆಚ್ಚೆಂದರೆ 60 ಎಣಿಕೆ. ಸಣ್ಣ ಟ್ಯೂಬುಗಳಲ್ಲಿ ಏನೂ ಇಲ್ಲದಾಗಲೂ ನಿಮಿಷಕ್ಕೆ 20-30 ಬರುತ್ತಿರುತ್ತದೆ. ಹೀಗಾಗಿ ಪರದೆಯ ಮೇಲಿನ ಅಂಕಿ 'ಸ್ವಲ್ಪ ಏರಿದೆ' ಅನ್ನುವಷ್ಟಕ್ಕೇ ನಿಲ್ಲುತ್ತದೆ. ಸಾಲದ್ದಕ್ಕೆ, ಚರ್ಮ ಸುಡುವ ಮೃದು ಎಕ್ಸ್‌ರೇಯಲ್ಲಿ ಬಹುಪಾಲನ್ನು ಕೌಂಟರಿನ ಲೋಹದ ಗೋಡೆಯೇ ತಡೆಯುತ್ತದೆ. ಇನ್ನೊಂದು ಕಡೆ, ಸ್ಪಾರ್ಕಿನ ರೇಡಿಯೋ ಗದ್ದಲಕ್ಕೆ ಅದೇ ಕೌಂಟರ್ ಎಕ್ಸ್‌ರೇ ಇಲ್ಲದೆಯೂ ಟಿಕ್‌ಟಿಕ್ ಅನ್ನಬಹುದು, ಇಲ್ಲವೇ ಅದನ್ನು ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡ್ (ಆರ್ಡುಯಿನೋ) ಹ್ಯಾಂಗ್ ಆಗಬಹುದು. ಆದ್ದರಿಂದ ಪಲ್ಸ್ ಎಕ್ಸ್‌ರೇ ಇರುವಲ್ಲಿ ಗೈಗರ್ ಅಂಕಿಯನ್ನು ಯಾವ ಕಡೆಗೂ ನಂಬುವ ಹಾಗಿಲ್ಲ. ಬಿದ್ದ ಒಟ್ಟು ವಿಕಿರಣವನ್ನು (ಡೋಸ್) ಕೂಡಿಟ್ಟು ತೋರಿಸುವ ಸಾಧನ ಬೇಕು: ಎಕ್ಸ್‌ರೇ ಸಿಬ್ಬಂದಿ ಎದೆಗೆ ಸಿಕ್ಕಿಸಿಕೊಳ್ಳುವ ಟಿಎಲ್‌ಡಿ ಬ್ಯಾಡ್ಜ್, ಕ್ವಾರ್ಟ್ಜ್ ಫೈಬರ್ ಪೆನ್ ಡೋಸಿಮೀಟರ್, ಅಯಾನ್ ಚೇಂಬರ್. ಫಿಲ್ಮ್ ಪ್ಯಾಕೆಟ್ ಅಳತೆಗೋಲಲ್ಲ. ಆದರೆ ಸೋರಿಕೆ ಇದೆ ಎಂದು ಅದು ಹೇಳಿದರೆ ಎದುರು ವಾದ ಮಾಡಬೇಡಿ.

ಸೀಸ ಹಾಕಿದ್ದರೂ ಹೀಗೇಕಾಯಿತು? 100 ಕಿಲೋವೋಲ್ಟಿನಲ್ಲಿ ಎಕ್ಸ್‌ರೇಯನ್ನು ಅರ್ಧಕ್ಕಿಳಿಸಲು ಸುಮಾರು 0.27 ಮಿಮೀ ಸೀಸ ಬೇಕು. ಅರ್ಧ ಮಿಮೀ ಹಾಳೆ ದಾಟಿಯೂ ಹೆಚ್ಚುಕಡಿಮೆ ಕಾಲು ಭಾಗ ಬರುತ್ತದೆ. ಅದಕ್ಕಿಂತ ದೊಡ್ಡ ತಪ್ಪು, ಸೀಸ ಇದ್ದದ್ದು ಮುಂದೆ ಮಾತ್ರ. ಬರಿಯ ಗಾಜಿನ ಟ್ಯೂಬಿನಿಂದ ಎಕ್ಸ್‌ರೇ ಸುತ್ತಲೂ ಹರಡುತ್ತದೆ, ಬಿದ್ದ ಗೋಡೆ-ನೆಲದಿಂದ ಚೆದುರಿ ಹಿಂದಿನಿಂದಲೂ ಬರುತ್ತದೆ. ಆಸ್ಪತ್ರೆಯ ಎಕ್ಸ್‌ರೇ ಕೋಣೆಗೆ 9 ಇಂಚಿನ ಇಟ್ಟಿಗೆ ಗೋಡೆ ಕಟ್ಟುವುದು ಸುಮ್ಮನಲ್ಲ. ಶೆಡ್ಡಿನ ತಗಡು, ಅಲ್ಯೂಮಿನಿಯಂ ಶೀಟು, ಪ್ಲೈವುಡ್ಡನ್ನು ಎಕ್ಸ್‌ರೇ ಲೆಕ್ಕಕ್ಕೇ ಇಡುವುದಿಲ್ಲ. ಪಕ್ಕದ ಗಾಳೆಯಲ್ಲಿ (ಮಳಿಗೆಯಲ್ಲಿ) ಕೂತವರಿಗೆ ತಮ್ಮ ಮೇಲೆ ಏನು ಬೀಳುತ್ತಿದೆ ಎಂಬುದೇ ಗೊತ್ತಿರುವುದಿಲ್ಲ. ನಮಗೆ ಅತಿ ಹೆಚ್ಚು ಸಿಟ್ಟು ಬರುವುದು ಇದಕ್ಕೇ.

ಎರಡನೇ ಅನಾಹುತ ಎಲ್ಲ ಆಫ್ ಮಾಡಿದ ಮೇಲೆ ಆಯಿತು. ಕೆಳಗಿನ ಹಂತವನ್ನು ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಿ, ಇನ್ನು ಚಾರ್ಜಿಲ್ಲ ಎಂದುಕೊಂಡು ಮೇಲಿನ ಹಂತ ಮುಟ್ಟಿದವರಿಗೆ ಜೋರಾಗಿ ಶಾಕ್ ಹೊಡೆದು ಮೊಣಕೈ ಕಬ್ಬಿಣದ ರ‍್ಯಾಕಿಗೆ ಅಪ್ಪಳಿಸಿತು. ಕಾರಣ, ಹಂತದಿಂದ ಹಂತಕ್ಕೆ ಚಾರ್ಜು ಸಾಗಿಸುವ ಚಾರ್ಜಿಂಗ್ ರೆಸಿಸ್ಟರ್. ಕಾಲು ವಾಟಿನ ಸಾಮಾನ್ಯ ಕಾರ್ಬನ್ ರೆಸಿಸ್ಟರ್ ತಾಳುವುದು ಸುಮಾರು 250 ವೋಲ್ಟ್. ಮಾರ್ಕ್ಸ್ ಹಾರಿದಾಗ ಒಂದೊಂದರ ಮೇಲೂ ಇಡೀ ಹಂತದ 10 ಕಿಲೋವೋಲ್ಟ್ ಬೀಳುತ್ತದೆ. ಮೈಮೇಲೆ ಕಿಡಿ ಹರಿದು, ಪಟ್ಟೆ ಪಟ್ಟೆ ಬಣ್ಣದ ಹೊದಿಕೆ ಕೂದಲೆಳೆಯಷ್ಟು ಸೀಳಿ, ಒಂದು ರೆಸಿಸ್ಟರ್ ಒಳಗೇ ತುಂಡಾಗಿತ್ತು. ಅದರಿಂದ ಮೇಲಿದ್ದ ಹಂತಗಳ ಚಾರ್ಜು ಕೆಳಗಿಳಿಯಲು ದಾರಿಯೇ ಇರಲಿಲ್ಲ. ಆ ಹಂತದ ಕೆಪಾಸಿಟರ್ 10 ನ್ಯಾನೋಫ್ಯಾರಡ್, ಅಂದರೆ ಅರ್ಧ ಜೌಲ್. ಅದಕ್ಕೇ ಕೈ ಊದಿಕೊಂಡಷ್ಟರಲ್ಲಿ ಮುಗಿಯಿತು. ಸಪ್ಲೈ ಕಡೆ ಇದ್ದ ಅರ್ಧ ಮೈಕ್ರೋಫ್ಯಾರಡ್‌ನ ಕೆಪಾಸಿಟರ್ 10 ಕಿಲೋವೋಲ್ಟಿಗೆ 25 ಜೌಲ್ ಹಿಡಿದಿರುತ್ತದೆ. ಅದಾಗಿದ್ದರೆ ಎದೆ ನಿಲ್ಲುವ ಸಾಧ್ಯತೆಯಿತ್ತು.

ಸ್ಕ್ರೂಡ್ರೈವರ್ ಅಭ್ಯಾಸ ಬಿಡಿ. ಕರೆಂಟು ಒಮ್ಮೆಲೇ ನೂರಾರು ಆಂಪಿಯರ್ ಹರಿದು ತುದಿಯ ಲೋಹ ಕರಗಿ ಕಣ್ಣಿಗೆ ಸಿಡಿಯುತ್ತದೆ, ಕೆಪಾಸಿಟರಿನ ಒಳಗಿನ ಜೋಡಣೆಯೂ ಹಾಳಾಗುತ್ತದೆ. ಕ್ರಮ ಹೀಗಿರಬೇಕು: ಪ್ಲಗ್ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಿ. ಒಂದು ಮೀಟರಿಗೆ ಕಡಿಮೆಯಿಲ್ಲದ ಒಣ ಫೈಬರ್‌ಗ್ಲಾಸ್ ಕೋಲಿನ ತುದಿಗೆ ಕೊಕ್ಕೆ, ಕೊಕ್ಕೆಯಿಂದ ಹೈವೋಲ್ಟೇಜಿಗೆಂದೇ ಮಾಡಿದ ರೆಸಿಸ್ಟರ್ ಮೂಲಕ ಅರ್ಥಿಗೆ ತಂತಿ. ಒಂದೊಂದು ಕೆಪಾಸಿಟರನ್ನೂ ಬೇರೆ ಬೇರೆಯಾಗಿ ಮುಟ್ಟಿಸಿ, ಆಮೇಲೆ ರೆಸಿಸ್ಟರ್ ಇಲ್ಲದ ತಂತಿಯಿಂದ ಮತ್ತೆ ಮುಟ್ಟಿಸಿ, ಕೊನೆಗೆ ಎರಡು ಟರ್ಮಿನಲ್‌ಗೂ ತಂತಿ ಸುತ್ತಿ ಹಾಗೇ ಬಿಡಿ. ತೆಗೆದಿಟ್ಟ ಹಳೆಯ ಎಣ್ಣೆ-ಕಾಗದದ ಕೆಪಾಸಿಟರ್ ಖಾಲಿ ಮಾಡಿದ ಮೇಲೂ ತಾನಾಗಿಯೇ ನೂರಾರು ವೋಲ್ಟ್ ಮರಳಿ ಏರಿಸಿಕೊಳ್ಳುತ್ತದೆ. ಒಳಗಿನ ಇನ್ಸುಲೇಶನ್ ಹೀರಿಕೊಂಡ ಚಾರ್ಜು ನಿಧಾನಕ್ಕೆ ಹೊರಬರುವುದೇ ಇದಕ್ಕೆ ಕಾರಣ.

ಮನೆಯಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆ, ಟ್ರಿಪ್ ಆಗುತ್ತದೆ ಎಂಬ ಧೈರ್ಯವೂ ಬೇಡ. ಅದು ನೋಡುವುದು ಫೇಸಿಗೂ ನ್ಯೂಟ್ರಲ್ಲಿಗೂ ನಡುವಿನ ವ್ಯತ್ಯಾಸ. ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಯಿಂದ (ಹೈವೋಲ್ಟೇಜ್ ಸುರುಳಿ) ನಿಮ್ಮ ಮೈಯಲ್ಲಿ ಹರಿದ ಕರೆಂಟು ಸೆಕೆಂಡರಿಗೇ ಮರಳುತ್ತದೆ, ಮನೆಯ ಕರೆಂಟು ಬರುವ ಪ್ರೈಮರಿ ಕಡೆ ವ್ಯತ್ಯಾಸವೇ ಕಾಣುವುದಿಲ್ಲ. ಮರದ ಹಲಗೆಯ ಮೇಲೆ ಮಿಂಚಿನ ಚಿತ್ತಾರ ಸುಡಲು ಮೈಕ್ರೋವೇವ್ ಟ್ರಾನ್ಸ್‌ಫಾರ್ಮರ್ ಹಿಡಿದವರು ಹಲವರು ಸತ್ತಿರುವುದು ಹೀಗೆಯೇ: 2000 ವೋಲ್ಟ್, ಜೀವ ತೆಗೆಯಲು ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಕರೆಂಟು, ಬ್ರೇಕರ್ ಮಾತ್ರ ಸುಮ್ಮನೆ.

ಮಳೆಗಾಲದ ಮಾತು ಬೇರೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಪಿವಿಸಿ ಪೈಪು, ಅಕ್ರಿಲಿಕ್ಕಿನ ಮೇಲೆ ತೇವದ ಪೊರೆ ಕೂರುತ್ತದೆ. ಗದಗ ಕಡೆ ಎರೆ ಮಣ್ಣಿನ ಧೂಳು ಅದೇ ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ ತಡೆದ ಇನ್ಸುಲೇಶನ್ ಮೇಲೆ ಆಗ ಕಿಡಿ ಹರಿದು ಕಪ್ಪು ಗೆರೆ ಮೂಡುತ್ತದೆ. ಒಮ್ಮೆ ಗೆರೆ ಮೂಡಿದ ಭಾಗವನ್ನು ಒರೆಸಿ ಬಳಸಬೇಡಿ, ಬಿಸಾಕಿ.

ಗುಜರಿಯವರು 'ದವಾಖಾನಿ ಮಾಲ್ ಐತ್ರಿ ಸರ, ಚಾಲೂ ಐತಿ' ಅಂತ ಕೊಡುವ ಟ್ಯೂಬ್ ಹೆಡ್ಡನ್ನು ತರಬೇಡಿ. ಕರೆಂಟಿಲ್ಲದಾಗ ಅದರಲ್ಲಿ ವಿಕಿರಣವಿಲ್ಲ ಎಂಬುದು ನಿಜ. ಆದರೆ ಬಹಳ ಹಳೆಯದಾದರೆ ಒಳಗಿನ ಎಣ್ಣೆಯಲ್ಲಿ ಪಾಲಿಕ್ಲೋರಿನೇಟೆಡ್ ಬೈಫಿನೈಲ್ ಎಂಬ ವಿಷ ಇರಬಹುದು, ಕೆಲವು ಟ್ಯೂಬುಗಳ ಕಿಟಕಿ ಬೆರಿಲಿಯಂನದು, ಒಡೆದರೆ ಅದರ ಪುಡಿ ಶ್ವಾಸಕೋಶಕ್ಕೆ ಮಾರಕ. ಕಾನೂನೂ ಸ್ಪಷ್ಟ: 2004ರ ವಿಕಿರಣ ರಕ್ಷಣಾ ನಿಯಮಗಳ ಪ್ರಕಾರ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಇಲ್ಲದೆ ಎಕ್ಸ್‌ರೇ ಯಂತ್ರ ನಡೆಸುವಂತಿಲ್ಲ. ಎಕ್ಸ್‌ರೇ ಚಿತ್ರ ತೆಗೆಯುವ ಆಸೆ ನಿಜವಾಗಿದ್ದರೆ, ಅನುಮತಿ ಇರುವ ಕಾಲೇಜು ಲ್ಯಾಬಿನಲ್ಲಿ ಪ್ರಾಧ್ಯಾಪಕರನ್ನು ಕೇಳಿ, ಅವರ ಯಂತ್ರದ ಮುಂದೆ ಎಕ್ಸ್‌ರೇ ಬಿದ್ದರೆ ಹೊಳೆಯುವ ನಿಮ್ಮ ಸ್ಕ್ರೀನು, ಅದರ ಚಿತ್ರ ಹಿಡಿಯಲು ಕ್ಯಾಮೆರಾ ಇಡಿ. ಕನ್ನಡಿಯನ್ನು 45 ಡಿಗ್ರಿಗೆ ಇಟ್ಟು ಕ್ಯಾಮೆರಾವನ್ನು ಕಿರಣದ ದಾರಿಯಿಂದ ಪಕ್ಕಕ್ಕೆ ಸರಿಸಿದರೆ ಚಿತ್ರದಲ್ಲಿ ಬಿಳಿ ಚುಕ್ಕೆಗಳೂ ಕಡಿಮೆ.

ಈಗಾಗಲೇ ಯಾರಾದರೂ ಟ್ಯೂಬಿನ ಹತ್ತಿರ ಕೈಯಿಟ್ಟಿದ್ದರೆ, ಅವತ್ತು ಉರಿಯಲಿಲ್ಲ ಎಂದು ನಿಶ್ಚಿಂತರಾಗಬೇಡಿ. ಸುಮಾರು 2 ಗ್ರೇ ದಾಟಿದರೆ ಕೆಲವು ಗಂಟೆಗಳಲ್ಲಿ ಚರ್ಮ ಕೆಂಪಾಗಿ ಮಾಯವಾಗಬಹುದು, ಸುಮಾರು 6 ಗ್ರೇ ದಾಟಿದರೆ ನಿಜವಾದ ಕೆಂಪು ಕಾಣುವುದು ಒಂದೆರಡು ವಾರ ಕಳೆದ ಮೇಲೆ. ಎಡಿಸನ್ ಪ್ರಯೋಗಾಲಯದ ಕ್ಲಾರೆನ್ಸ್ ಡ್ಯಾಲಿ ತನ್ನ ಕೈಗಳನ್ನೇ ಕಿರಣಕ್ಕೊಡ್ಡಿ ಟ್ಯೂಬ್ ಪರೀಕ್ಷಿಸುತ್ತಿದ್ದವರು. ತೋಳು ಕತ್ತರಿಸಿದರೂ ಉಳಿಯದೆ 1904ರಲ್ಲಿ ತೀರಿಕೊಂಡರು. ಕೆಂಪು, ತುರಿಕೆ, ಕೂದಲುದುರುವುದು ಕಂಡರೆ ಚರ್ಮದ ವೈದ್ಯರ ಬಳಿ ಹೋಗಿ 'ಬಿಸಿ ತಾಗಿದೆ' ಎನ್ನದೆ ಎಕ್ಸ್‌ರೇ ಅಂತಲೇ ಹೇಳಿ. ಎಷ್ಟು ಕಿಲೋವೋಲ್ಟ್, ಎಷ್ಟು ದೂರ, ಎಷ್ಟು ಹೊತ್ತು, ಯಾವ ತಾರೀಖು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮೈಗೆಲ್ಲ ಬಿದ್ದಿರುವ ಅನುಮಾನವಿದ್ದರೆ ರಕ್ತಕಣಗಳ ಎಣಿಕೆಯನ್ನೂ ಮಾಡಿಸಿ ಅಂತ ಕೇಳಿ.