ಕಲ್ಲಾದ ಮರದ ಬಿಲ್ಲೆ: ಕೊಟ್ಟ 45 ಡಾಲರ್‌ಗೆ ಮೋಸವಿಲ್ಲ, ಚೀಟಿ ಮಾತ್ರ ತಪ್ಪು

ಅಮೆರಿಕದ ಅರಿಝೋನಾ ರಾಜ್ಯದಲ್ಲಿ, ಹಾಲ್‌ಬ್ರೂಕ್ ಹತ್ತಿರದ ಒಂದು ಕಲ್ಲಿನ ಅಂಗಡಿಯಲ್ಲಿ ಅಂಗೈ ಅಗಲದ ಈ ಬಿಲ್ಲೆ ತಗೊಂಡೆ. ಮರ ಅಂದುಕೊಂಡು ಎತ್ತಿದರೆ ಕೈ ಜಗ್ಗುತ್ತದೆ, ಅಷ್ಟು ಭಾರ. ಒಳಗೆಲ್ಲ ಕ್ವಾರ್ಟ್ಜ್ ಅನ್ನೋ ಗಟ್ಟಿ ಹರಳುಗಲ್ಲು. 20 ಕೋಟಿ ವರ್ಷಕ್ಕೂ ಹಿಂದೆ, ಟ್ರಯಾಸಿಕ್ ಕಾಲದ ಕೊನೆಯ ಹೊತ್ತಿಗೆ, ಹೊಳೆಗೆ ಬಿದ್ದ ಮರಗಳು ಕೊಂಬೆ ತೊಗಟೆ ಎಲ್ಲ ಕಳಕೊಂಡು ಹೂಳಿನಡಿ ಸೇರಿದವು. ಆ ಹೂಳಲ್ಲಿದ್ದ ಜ್ವಾಲಾಮುಖಿ ಬೂದಿಯ ಸಿಲಿಕಾ, ಅಂದರೆ ಕ್ವಾರ್ಟ್ಜ್ ಆಗುವ ವಸ್ತು, ನೀರಲ್ಲಿ ಕರಗಿ ಮರದೊಳಕ್ಕೆ ಇಳಿದು, ನಿಧಾನಕ್ಕೆ ಹರಳು ಕಟ್ಟಿತು. ಕೆಂಪು, ಹಳದಿ ಬಣ್ಣ ಕಬ್ಬಿಣದ್ದು. ಕಪ್ಪು ಮ್ಯಾಂಗನೀಸ್‌ನದು.

ಪಾಲಿಶ್ ಚೆನ್ನಾಗಿದೆ, ಚಾಕುವಿಗೂ ಗೀರು ಬೀಳುವುದಿಲ್ಲ. ಆದರೆ ನನಗೆ ಇಷ್ಟವಾದದ್ದು ಹೊಳಪಲ್ಲ. ಕಿಟಕಿ ಬೆಳಕಲ್ಲಿ ಲೆನ್ಸ್ ಹಿಡಿದು ನೋಡಿದೆ. ನಡುವೆ ಹರಳು ಜಾಸ್ತಿ ಬೆಳೆದು ಮರದ ಗುರುತೇ ಅಳಿಸಿದೆ. ಅಂಚಿನಲ್ಲಿ ಮಾತ್ರ, ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ, ಕೋಶಗಳು ಜರಡಿಯ ಕಣ್ಣಿನ ಹಾಗೆ ಸಾಲುಸಾಲಾಗಿ ನಿಂತಿವೆ. ಒಂದು ಕಾಲಕ್ಕೆ ಆ ಕಣ್ಣುಗಳಲ್ಲಿ ಬೇರಿನಿಂದ ನೀರು ಏರುತ್ತಿತ್ತು ಅಲ್ವಾ! ಅರ್ಧ ಗಂಟೆ ಅದನ್ನೇ ನೋಡುತ್ತಾ ಕೂತಿದ್ದೆ. ನೀವೂ ತಗೊಳ್ಳುವಾಗ ಬಣ್ಣ ನೋಡಿ ಸುಮ್ನೆ ಮರುಳಾಗಬೇಡಿ, ಇಂಥ ಅಂಚಿರುವ ತುಂಡು ಹುಡುಕಿ.

ಜೊತೆಗೆ ಕೊಟ್ಟ ಚೀಟಿಯಲ್ಲಿ 'ಕಲ್ಲಾದ ಪೈನ್' ಅಂತಿದೆ. ಇದು ಬೇಸರ. ಇದು ಕೋನಿಫರ್ (ಶಂಕುವಿನಾಕಾರದ ಕಾಯಿ ಬಿಡುವ ಮರಗಳ ಗುಂಪು, ಪೈನ್ ಅದರಲ್ಲಿ ಒಂದು) ಹೌದು, ಪೈನ್ ಅಲ್ಲ. 1889ರಲ್ಲಿ ಪಳೆಯುಳಿಕೆ ಗಿಡಗಳ ತಜ್ಞ ನೋಲ್ಟನ್ ಇದಕ್ಕೆ ಇಟ್ಟ ಹೆಸರು ಅರೌಕೇರಿಯಾಕ್ಸಿಲಾನ್ ಅರಿಝೋನಿಕಮ್. ಅದೂ ಇಡೀ ಗಿಡಕ್ಕಲ್ಲ, ಕಟ್ಟಿಗೆಗೆ ಇಟ್ಟ ಹೆಸರು. 2007ರಲ್ಲಿ ಅವರ ಮೂಲ ತುಂಡುಗಳನ್ನೇ ಮತ್ತೆ ಪರೀಕ್ಷಿಸಿದಾಗ ಅವೆಲ್ಲ ಒಂದೇ ಬಗೆಯ ಮರದವಲ್ಲ ಅಂತ ಕಂಡುಬಂತು. ಇಷ್ಟು ಸೊಗಸಾದ ಕಥೆ ಇರುವಾಗ ಎರಡು ಸಾಲು ಸರಿಯಾಗಿ ಬರೆಯಬಾರದಾ? 1988ರಿಂದ ಕಲ್ಲಾದ ಮರವೇ ಆ ರಾಜ್ಯದ ಅಧಿಕೃತ ಪಳೆಯುಳಿಕೆ ಬೇರೆ.

ಎಲ್ಲಿಂದ ತಂದದ್ದು ಅಂತ ಕೇಳದೆ ದುಡ್ಡು ಕೊಡಬೇಡಿ. ಪಕ್ಕದ ಪೆಟ್ರಿಫೈಡ್ ಫಾರೆಸ್ಟ್ ನ್ಯಾಷನಲ್ ಪಾರ್ಕ್‌ನಿಂದ ಒಂದು ಚೂರು ಎತ್ತಿಕೊಂಡರೂ ಅಪರಾಧ. ಹಾಗೆ ತೆಗೆದುಕೊಂಡು ಹೋದವರು ಎಷ್ಟೋ ಜನ ಆಮೇಲೆ ಕ್ಷಮೆ ಕೇಳಿ ಕಾಗದ ಬರೆದು ಕಲ್ಲನ್ನು ವಾಪಸ್ ಕಳಿಸಿದ್ದಾರೆ. ಆದರೂ ಅದು ಬಿದ್ದಿದ್ದ ಜಾಗ ಗೊತ್ತಿಲ್ಲದ್ದರಿಂದ ಮತ್ತೆ ಅಲ್ಲಿಗೇ ಇಡಲು ಆಗುವುದಿಲ್ಲ. ಖಾಸಗಿ ಜಮೀನಿನದಾದರೆ ತೊಂದರೆಯಿಲ್ಲ. ನನ್ನದು ಅಂಥದ್ದೇ, ಬಿಲ್ಲಿನಲ್ಲೂ ಬರೆಸಿಕೊಂಡೆ.

ಹಿಂಬದಿಗೆ ಪಾಲಿಶ್ ಇಲ್ಲ, ಒರಟಾಗಿಯೇ ಬಿಟ್ಟಿದ್ದಾರೆ. ಅದು ನನಗೆ ಹಿಡಿಸಿತು. ಅಡಿಗೆ ಕೊಟ್ಟ ಸ್ಟ್ಯಾಂಡ್ ಮಾತ್ರ ಈ ಭಾರಕ್ಕೆ ವಾಲುತ್ತದೆ, ಗಟ್ಟಿಯಾದ್ದು ಬೇರೆ ಮಾಡಿಸಬೇಕು.