ನೀಲಿ ಕೇಳಿದೆ, ಕಾಮಲತೆ ಸೇರಿಸಿ ಕಳಿಸಿದರು

ಹೆವೆನ್ಲಿ ಬ್ಲೂ ಮಾರ್ನಿಂಗ್ ಗ್ಲೋರಿ ಅನ್ನುವ ನೀಲಿ ಹೂವಿನ ಬಳ್ಳಿಯ ಬೀಜ, 20ಕ್ಕೆ 120 ರೂಪಾಯಿ, ಆನ್‌ಲೈನ್‌ನಲ್ಲಿ ತರಿಸಿದ್ದು. ಐದಕ್ಕೆ ಮೂರು ಸ್ಟಾರ್ ಕೊಡುತ್ತಿದ್ದೇನೆ. ಅದೂ ಹೂವಿನ ಮುಖ ನೋಡಿ, ಅಂಗಡಿಯವರ ಮುಖ ನೋಡಿ ಅಲ್ಲ.

ಪೊಟ್ಟಣದಲ್ಲಿ ಇದ್ದದ್ದು 17. ಹೋಗಲಿ ಬಿಡಿ. "ಮಣ್ಣಿಗೆ ಹಾಕಿ, ನೀರು ಕೊಡಿ" ಅಂತ ಮಾತ್ರ ಬರೆದಿದ್ದರು, ಹಾಗೇ ಹಾಕಿದ ಎಂಟರಲ್ಲಿ ಹುಟ್ಟಿದ್ದು ಎರಡು. ಈ ಬೀಜದ ಸಿಪ್ಪೆ ಕಲ್ಲು. ಉಳಿದ ಒಂಬತ್ತನ್ನು ನೇಲ್ ಕಟ್ಟರ್‌ನಿಂದ ಒಂಚೂರು ಚಿವುಟಿ ರಾತ್ರಿ ನೆನೆಹಾಕಿದೆ, ಬೆಳಿಗ್ಗೆ ಕಡಲೆಕಾಳಿನ ಹಾಗೆ ಉಬ್ಬಿದ್ದವು, ಐದೇ ದಿನಕ್ಕೆ ಏಳು ಮೊಳಕೆ ಬಂತು. ಇಷ್ಟು ಬರೆಯಲು ಏನು ಕಷ್ಟ? ಬೀಜ ತಿಂದರೆ ವಿಷ, ಅದನ್ನೂ ಬರೆದಿಲ್ಲ. ಮಕ್ಕಳಿರುವ ಮನೆಯವರು ಮೇಲೆ ಎತ್ತಿಡಿ.

ಜೊತೆಗೆ ಫ್ರೀ ಬಂದ ಗೊಬ್ಬರ ಹಾಕಿ ಕೆಟ್ಟೆ. ಸಾರಜನಕ ಜಾಸ್ತಿಯಾದರೆ ಇದು ಬರೀ ಎಲೆ ಬಿಡುತ್ತದೆ. ಬಟ್ಟೆ ಒಣಹಾಕುವ ಹಗ್ಗದ ತುಂಬ ಎಲೆಯೋ ಎಲೆ. ಅಮ್ಮ ನೋಡಿ, "ಇದು ಗೆಣಸಿನ ಬಳ್ಳಿ ಕಣೋ, ಅಗೆದು ನೋಡು" ಅಂದರು. ಗೆಡ್ಡೆ ಸಿಗುವುದಿಲ್ಲ, ಆದರೆ ಅಮ್ಮನ ಕಣ್ಣು ಮೋಸ ಹೋಗಿಲ್ಲ, ಗೆಣಸೂ ಇದೂ ಒಂದೇ ಕುಟುಂಬ.

ಗೊಬ್ಬರ ನಿಲ್ಲಿಸಿದ ಮೇಲೆ ಮೊಗ್ಗು ಬಂತು. ಮಡಚಿ ತಿರುಚಿದ ಕೊಡೆಯಂಥ ಮೊಗ್ಗು, ಬಣ್ಣ ಕೆಂಪು ನೇರಳೆ. ಇದೂ ಮೋಸ ಅಂದುಕೊಂಡೆ. ಬೆಳಿಗ್ಗೆ ಆರಕ್ಕೆ ನೋಡಿದರೆ ಅಂಗೈಯಗಲ ಆಕಾಶನೀಲಿ! ಅರಳುವಾಗ ಎಸಳಿನ ರಸದ ಹುಳಿ ಇಳಿಯುತ್ತದಂತೆ, ಪಿಎಚ್ (ಹುಳಿ ಇಳಿದಷ್ಟೂ ಏರುವ ಅಳತೆ) 6.6ರಿಂದ 7.7ಕ್ಕೆ ಏರಿ ಬಣ್ಣ ತಿರುಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಓಕುಳಿ ಕೆಂಪಾಗುವುದಿಲ್ಲವಾ, ಹಾಗೇ. ಮಧ್ಯಾಹ್ನಕ್ಕೆ ಮುದುಡಿ ಒದ್ದೆ ಟಿಶ್ಯೂ ಪೇಪರ್. ತಡವಾಗಿ ಏಳುವವರು ಸುಮ್ನೆ ದುಡ್ಡು ಹಾಕಬೇಡಿ.

ಒಂಬತ್ತು ಗಿಡದಲ್ಲಿ ನೀಲಿ ಆರು. ಒಂದು ಗುಲಾಬಿ. ಇನ್ನೆರಡರ ಎಲೆ ಸಬ್ಬಸಿಗೆ ಸೊಪ್ಪಿನ ಹಾಗೆ ಎಳೆ ಎಳೆಯಾಗಿತ್ತು, ಆಗಲೇ ಅನುಮಾನ ಬಂದಿತ್ತು, ಕೊನೆಗೆ ನಕ್ಷತ್ರದಂಥ ಪುಟಾಣಿ ಕೆಂಪು ಹೂವು ಬಿಟ್ಟಿತು. ಕಾಮಲತೆ! ನಮ್ಮೂರ ಬೇಲಿಯಲ್ಲಿ ಬಿಟ್ಟಿ ಸಿಗುತ್ತದೆ. ಅಂಗಡಿಗೆ ಫೋಟೋ ಕಳಿಸಿದರೆ "ಪ್ರಕೃತಿಯಲ್ಲಿ ವ್ಯತ್ಯಾಸ ಸಹಜ ಸಾರ್" ಅಂತ ಉತ್ತರ.

ಈಗ ಬಳ್ಳಿಯಲ್ಲಿ ಕಾಯಿ ಒಣಗುತ್ತಿದೆ. ನೀಲಿಯದಕ್ಕೆ ದಾರ ಕಟ್ಟಿ ಗುರುತು ಮಾಡಿದ್ದೇನೆ, ಮುಂದಿನ ಸಲಕ್ಕೆ ಇವರ ಹಂಗಿಲ್ಲ. ಕಾಮಲತೆ ಬೀಜ ಬೇಕಾದವರು ಕೇಳಿ, 120 ರೂಪಾಯಿ ಏನೂ ಬೇಡ.