ಮೀಟಿಯರ್ 350: ಯಾವ ಆಕ್ಸೆಸರಿ ಉಳಿಯಿತು, ಯಾವುದು ಅಟ್ಟ ಸೇರಿತು

ಹೊಸ ಬೈಕಿನ ಬುಕಿಂಗ್ ಮುಗಿದ ಕೂಡಲೇ ಷೋರೂಮಿನವರು ಕೈಗೆ ಕೊಡುವುದು ಆಕ್ಸೆಸರಿಗಳ ಪಟ್ಟಿಯನ್ನು. ಗಾಡಿ ಕೊಳ್ಳುವ ಸಂಭ್ರಮದಲ್ಲಿ ಎಲ್ಲವೂ ಬೇಕು ಎನ್ನಿಸುತ್ತದೆ. ಸಾಲದ ಕಂತಿಗೆ ಇನ್ನಿಷ್ಟು ಸೇರಿದರೆ ಏನಾದೀತು ಎಂಬ ಧೈರ್ಯವೂ ಬರುತ್ತದೆ. ನಾನು ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ಬೈಕಿನ ಫೈರ್‌ಬಾಲ್ ಮಾದರಿಯನ್ನು ಕೊಂಡಾಗ ಗಾಡಿ ಬಿದ್ದಾಗ ಏಟು ತಡೆಯುವ ಕಂಬಿಯಾದ ಕ್ರ್ಯಾಶ್ ಗಾರ್ಡ್ ಒಂದನ್ನು ಬಿಟ್ಟು ಮಿಕ್ಕ ಯಾವುದಕ್ಕೂ ಆ ದಿನ ಒಪ್ಪಲಿಲ್ಲ. 500 ಕಿಲೋಮೀಟರಿನ ಮೊದಲ ಸರ್ವೀಸ್ ಮುಗಿಯುವವರೆಗೆ ಹಾಸನದ ಸುತ್ತಮುತ್ತ ಓಡಿಸಿ, ಎಲ್ಲೆಲ್ಲಿ ನೋಯುತ್ತದೆ ಎಂಬುದನ್ನು ನೋಡಿಕೊಂಡು ಆಮೇಲೆ ಕೊಳ್ಳೋಣ ಎಂದುಕೊಂಡೆ. ಈಗ ಯೋಚಿಸಿದರೆ ಅದೇ ಸರಿಯಾಯಿತು.

ಮೊದಲು ನೋಯುವುದು ಬೆನ್ನಿನ ಬುಡ. ಮೀಟಿಯರ್‌ನಂಥ ಕ್ರೂಸರ್ ಗಾಡಿಗಳಲ್ಲಿ ಫುಟ್‌ರೆಸ್ಟ್ ಮುಂದಕ್ಕಿರುವುದರಿಂದ ಹೊಂಡ ಬಂದಾಗ ಕಾಲೂರಿ ಮೈಯನ್ನು ಸ್ವಲ್ಪ ಮೇಲಕ್ಕೆತ್ತಲು ಆಗುವುದಿಲ್ಲ. ಭಾರವೆಲ್ಲ ಸೀಟಿನ ಮೇಲೆ ಕೂರುತ್ತದೆ, ಏಟೂ ನೇರವಾಗಿ ಬೆನ್ನಿಗೇ ಹೋಗುತ್ತದೆ. ಹೆಚ್ಚಿನವರು ಇಲ್ಲಿಯೇ ಹೊಸ ಸೀಟಿಗೆ ದುಡ್ಡು ಸುರಿಯುತ್ತಾರೆ. ಅದಕ್ಕೆ ಮುನ್ನ ಖರ್ಚಿಲ್ಲದ ಕೆಲಸವೊಂದಿದೆ. ಹಿಂದಿನ ಜೋಡಿ ಶಾಕ್ ಅಬ್ಸಾರ್ಬರುಗಳ ಸ್ಪ್ರಿಂಗನ್ನು ಆರು ಹಂತಗಳಲ್ಲಿ ಬಿಗಿ ಅಥವಾ ಸಡಿಲ ಮಾಡಬಹುದು. ಒಬ್ಬನೇ ಹೋಗುವಾಗ ಕೆಳಗಿನ ಹಂತಕ್ಕೂ ಹಿಂದೆ ಯಾರಾದರೂ ಕೂರುವಾಗ ಮೇಲಿನ ಹಂತಕ್ಕೂ ತಿರುಗಿಸಿಕೊಂಡ ಮೇಲೆ ನನ್ನ ಅರ್ಧ ದೂರು ಹೋಯಿತು. ಎರಡೂ ಬದಿಯಲ್ಲಿ ಒಂದೇ ಹಂತ ಇರಬೇಕೆಂಬುದನ್ನು ಮಾತ್ರ ಮರೆಯಬಾರದು. ಉಳಿದ ಅರ್ಧ ದೂರಿಗೆ ಕಂಪನಿಯದೇ ಟೂರಿಂಗ್ ಸೀಟು ಹಾಕಿಸಿದೆ. ಹೊಸದರಲ್ಲಿ ಅದು ಗಟ್ಟಿ ಎನ್ನಿಸುತ್ತದೆ, ಆದರೆ ಬೆಂಗಳೂರಿನವರೆಗೆ ಒಂದೇ ಓಟಕ್ಕೆ ಹೋಗುವವನಿಗೆ ಮೆತ್ತಗಿನ ಸೀಟಿಗಿಂತ ಗಟ್ಟಿ ಸೀಟೇ ಲೇಸು. ಮೆತ್ತಗಿನದು ಒಂದು ಗಂಟೆಯಲ್ಲಿ ಕುಸಿದು ತಳದ ಹಲಗೆಯನ್ನು ಮುಟ್ಟಿಸುತ್ತದೆ.

ಬ್ಯಾಕ್‌ರೆಸ್ಟ್ ವಿಷಯದಲ್ಲಿ ನಾನು ಎಡವಿದೆ. ಸ್ಟೆಲ್ಲಾರ್ ಮಾದರಿಗೆ ಅದು ಜೊತೆಯಲ್ಲೇ ಬರುತ್ತದೆ, ನನ್ನದಕ್ಕೆ ಬೇರೆಯಾಗಿ ಕೊಂಡೆ. ಕಾಲು ಎರಡೂ ಕಡೆ ಹಾಕಿ ಕೂರುವ ನನ್ನ ಹೆಂಡತಿಗೆ ಅದು ನಿಜಕ್ಕೂ ಆಸರೆ. ಆದರೆ ವಾರಕ್ಕೆರಡು ಬಾರಿ ಸಂತೆಗೆ, ದೇವಸ್ಥಾನಕ್ಕೆ ಬರುವ ಅಮ್ಮ ಸೀರೆಯುಟ್ಟು ಒಂದೇ ಪಕ್ಕಕ್ಕೆ ಕೂರುವವರು. ಮೊದಲ ದಿನವೇ ಹತ್ತಿ ಕೂತು, "ಇದೇನೋ ಇದು, ಪಕ್ಕೆಗೆ ಚುಚ್ತಾ ಇದೆಯಲ್ಲೋ" ಎಂದು ಇಳಿದುಬಿಟ್ಟರು. ಪಕ್ಕಕ್ಕೆ ಕೂತವರಿಗೆ ಅದರ ಅಂಚು ಒತ್ತುತ್ತದೆ ಎಂಬುದು ಪಟ್ಟಿಯ ಚಿತ್ರ ನೋಡಿದಾಗ ಹೊಳೆದಿರಲಿಲ್ಲ. ಈಗ ಅದು ಅಟ್ಟದ ಮೇಲಿದೆ, ದೂರದ ಪ್ರಯಾಣವಿದ್ದಾಗ ಮಾತ್ರ ಇಳಿಯುತ್ತದೆ.

ಕ್ರ್ಯಾಶ್ ಗಾರ್ಡ್ ಬೇಕೇ ಬೇಕು. 191 ಕಿಲೋ ತೂಕದ ಗಾಡಿ ಬೀಳುವುದು ವೇಗದಲ್ಲಲ್ಲ, ಜಲ್ಲಿಯ ಮೇಲೆ ತಿರುಗಿಸಿಕೊಳ್ಳುವಾಗ, ಇಳಿಜಾರಿನಲ್ಲಿ ಸ್ಟ್ಯಾಂಡ್ ಹಾಕುವಾಗ. ಕೊಳ್ಳುವ ಮುನ್ನ ಕೂತು ನೋಡಿ: ಬ್ರೇಕಿನ ಮೇಲೆ ಪಾದವಿಟ್ಟಾಗ ಮೊಣಕಾಲಿನ ಕೆಳಗಿನ ಮೂಳೆಗೆ ಕಂಬಿ ತಾಗುವಂತಿದ್ದರೆ ಬೇರೆ ಆಕಾರದ್ದನ್ನು ಕೇಳಿ.

ವಿಂಡ್‌ಸ್ಕ್ರೀನಿನ ಬೆಲೆ ತಿಳಿಯುವುದು ಗಂಟೆಗೆ 80 ಕಿಲೋಮೀಟರ್ ದಾಟಿದಾಗ. ಎದೆಗೆ ಬಡಿಯುವ ಗಾಳಿ ನಿಲ್ಲುತ್ತದೆ, ಸಂಜೆಯ ಹೊತ್ತಿಗೆ ಭುಜ ಸೋತಿರುವುದಿಲ್ಲ. ಆದರೆ ಅದರ ಮೇಲಂಚು ನಿಮ್ಮ ಮೂಗಿನ ಮಟ್ಟಕ್ಕಿಂತ ಕೆಳಗಿರಬೇಕು, ಇಲ್ಲವಾದರೆ ಮಳೆಗಾಲದ ರಾತ್ರಿಯಲ್ಲಿ ಹನಿಗಟ್ಟಿದ ಗಾಜಿನ ಮೂಲಕ ಎದುರಿನ ಲಾರಿಯ ದೀಪ ನೋಡುತ್ತ ಹೋಗಬೇಕಾಗುತ್ತದೆ. ತೀರ ಕೆಳಗಿದ್ದರೆ ಗಾಳಿ ಸುಳಿಯಾಗಿ ಹೆಲ್ಮೆಟ್ಟಿಗೇ ಹೊಡೆಯುತ್ತದೆ. ಐದೂವರೆ ಅಡಿಯ ನನಗೆ ಕಂಪನಿಯ ಗಾಜು ಹೊಂದಿತು. ಏಪ್ರಿಲ್ ತಿಂಗಳ ಪೇಟೆಯ ಟ್ರಾಫಿಕ್ಕಿನಲ್ಲಿ ಮಾತ್ರ ಬೆವರಿಳಿಸುತ್ತದೆ.

ನನ್ನನ್ನು ನಿಜವಾಗಿ ಸತಾಯಿಸಿದ್ದು ಮಂಜಿನ ದೀಪಗಳು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ತಲಾ 20 ವಾಟ್‌ನ ಎರಡು ಹಳದಿ ಎಲ್‌ಇಡಿ ದೀಪಗಳನ್ನು ಇಪ್ಪತ್ತೇ ನಿಮಿಷದಲ್ಲಿ ಹಾಕಿಕೊಟ್ಟರು. ಆ ವೇಗ ಕಂಡಾಗಲೇ ಅನುಮಾನ ಬರಬೇಕಿತ್ತು. ಜುಲೈನಲ್ಲಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ದೀಪಗಳಷ್ಟೇ ಅಲ್ಲ, ಹಾರ್ನೂ ಸತ್ತಿತು. ಮರುದಿನ ಉಜಿರೆಯ ಮೆಕ್ಯಾನಿಕ್ ಟ್ಯಾಂಕಿನ ಕೆಳಗಿನಿಂದ ಎಳೆದು ತೋರಿಸಿದರು: ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು) ಇಲ್ಲ, ಬೇರೆ ಫ್ಯೂಸ್ ಇಲ್ಲ, ಹಾರ್ನಿನ ವೈರನ್ನು ಬ್ಲೇಡಿನಿಂದ ಕೆರೆದು, ದೀಪದ ವೈರನ್ನು ಸುತ್ತಿ, ಮೇಲೆ ಕಪ್ಪು ಟೇಪು ಅಂಟಿಸಿದ್ದರು. ಟೇಪಿನೊಳಗೆ ನೀರು ನಿಂತಿತ್ತು. ಎರಡು ದೀಪಗಳೂ ಸೇರಿ ಮೂರು ಆಂಪಿಯರಿಗೂ ಮೇಲೆ ಎಳೆಯುತ್ತವೆ. ಹಾಗಾಗಿ ಬ್ಯಾಟರಿಯಿಂದಲೇ ಫ್ಯೂಸ್ ಮತ್ತು ರಿಲೇ ಮೂಲಕ ಪ್ರತ್ಯೇಕ ವೈರಿಂಗ್ ತರಬೇಕು, ಮೂಲ ವೈರನ್ನು ಎಲ್ಲಿಯೂ ಕತ್ತರಿಸಬಾರದು. ಕತ್ತರಿಸಿದರೆ ವಾರಂಟಿಗೂ ಕುತ್ತು. ಹಾಗೆ ಮತ್ತೆ ಮಾಡಿಸಿದ ಮೇಲೆ ಹಳದಿ ಬೆಳಕು ಮಂಜಿನಲ್ಲಿ ರಸ್ತೆಯಂಚಿನ ಬಿಳಿಗೆರೆಯನ್ನು ಚೆನ್ನಾಗಿಯೇ ತೋರಿಸುತ್ತಿದೆ.

ಸೈಲೆನ್ಸರ್ ಬದಲಿಸುವ ಆಸೆಯಿರುವವರಿಗೆ ಹೇಳುವುದಿಷ್ಟೆ: ಇದು 349 ಸಿಸಿಯ, 20 ಬಿಎಚ್‌ಪಿಯ ನಿಧಾನಸ್ಥ ಇಂಜಿನ್, ಶಬ್ದ ಹೆಚ್ಚಿಸಿದರೆ ಓಟ ಹೆಚ್ಚುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಮಾರ್ಪಾಡನ್ನು ಒಪ್ಪುವುದಿಲ್ಲ, ಬೆಂಗಳೂರಿನ ಸಂಚಾರ ಪೊಲೀಸರು ಕಿತ್ತ ಸೈಲೆನ್ಸರುಗಳನ್ನು ರಸ್ತೆಗೆ ಹಾಸಿ ರೋಲರ್ ಹತ್ತಿಸಿದ್ದೂ ಉಂಟು.

ಮೊಬೈಲ್ ಹೋಲ್ಡರ್ ಕೊಳ್ಳುವುದಾದರೆ ಅದುರುವಿಕೆಯನ್ನು ತಡೆಯುವ ರಬ್ಬರಿನದ್ದೇ ಆಗಲಿ. ಮೋಟಾರ್‌ಸೈಕಲ್ಲಿನ ಕಂಪನದಿಂದ ಐಫೋನಿನ ಕ್ಯಾಮೆರಾ ಕೆಡಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ. ಹಾಕಿಸಿದ್ದಕ್ಕೆಲ್ಲ ಬಿಲ್ ಪಡೆದು ವಿಮೆಯವರಿಗೆ ತಿಳಿಸಿ, ಇಲ್ಲದಿದ್ದರೆ ಅಪಘಾತವಾದಾಗ ಅವು ಲೆಕ್ಕಕ್ಕೆ ಬರುವುದಿಲ್ಲ.

ಇನ್ನುಳಿದದ್ದು ಪಕ್ಕದ ಬ್ಯಾಗುಗಳು. ನಾನು ವಿಚಾರಿಸಿದ ಅಂಗಡಿಯವರು ಅದರ ಕಂಬಿ ಕೂರಿಸಲು ಸೀರೆ ಗಾರ್ಡ್ ಬಿಚ್ಚಿಬಿಡೋಣ ಸಾರ್ ಎಂದರು. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅದು ಕಡ್ಡಾಯ. ಅದಕ್ಕಿಂತ ಹೆಚ್ಚಾಗಿ, ಅಮ್ಮ ಕೂರುವುದು ಆ ಪಕ್ಕಕ್ಕೇ. ಬ್ಯಾಗ್ ಕೊಳ್ಳದೆ ಬಂದೆ.